ವಿದೇಶಕ್ಕೆ ಸೈನ್ಯ ಹೊರಡುವ ಮುನ್ನ ಸದನದಲ್ಲಿ ಮತ ಹಾಕಿ: ಕರ್ನಾಟಕದ ನಲವತ್ತು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೆ,

ಲೋಕಸಭೆಯಲ್ಲಿ ನೀವು 28 ಜನ, ರಾಜ್ಯಸಭೆಯಲ್ಲಿ 12 ಜನ. ನಲವತ್ತೂ ಮಂದಿಗೆ ಒಟ್ಟಿಗೆ ಬರೆಯುತ್ತಿದ್ದೇವೆ. ಯಾವ ಪಕ್ಷದವರು ಎಂದು ನೋಡಿಲ್ಲ, ಏಕೆಂದರೆ ಸಂಸತ್ತಿನ ಮತವಿಲ್ಲದೆ ಸೈನ್ಯವನ್ನು ವಿದೇಶಕ್ಕೆ ಕಳಿಸುವ ತಪ್ಪನ್ನು ಇಲ್ಲಿಯವರೆಗೆ ದೆಹಲಿ ಆಳಿದ ಯಾವ ಪಕ್ಷವೂ ತಿದ್ದಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ನಮ್ಮ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ, ಅಲ್ಲಿನ ಸರ್ಕಾರಕ್ಕೂ ತಮಿಳು ಉಗ್ರರಿಗೂ ನಡೆಯುತ್ತಿದ್ದ ಕಾದಾಟ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ಸಿಕಂದರಾಬಾದಿನ 54ನೇ ಇನ್‌ಫೆಂಟ್ರಿ ಡಿವಿಷನ್‌ನ ಸೈನಿಕರು ಜಾಫ್ನಾ ಹತ್ತಿರದ ಪಲಾಲಿ ವಿಮಾನ ನಿಲ್ದಾಣದಲ್ಲಿ ಇಳಿಯತೊಡಗಿದರು. ಸಹಿಗೂ ಸೈನ್ಯ ಇಳಿಯುವುದಕ್ಕೂ ನಡುವೆ ಇದ್ದದ್ದು ಒಂದು ರಾತ್ರಿ. ಸೈನ್ಯವನ್ನು ಪರದೇಶಕ್ಕೆ ಕಳಿಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಅದಕ್ಕೂ ಮೊದಲು ಯಾರೂ ಸಂಸತ್ತಿನಲ್ಲಿ ಮತಕ್ಕೆ ಹಾಕಲಿಲ್ಲ. ಆಮೇಲೆ ಹೇಳಿಕೆಗಳು ಬಂದವು, ಚರ್ಚೆಗಳು ನಡೆದವು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಪ್ಪಂದದ ಲೆಕ್ಕ ಹೀಗಿತ್ತು: ಸಹಿಯಾದ 48 ಗಂಟೆಯೊಳಗೆ ಕದನವಿರಾಮ, ಅದಾದ 72 ಗಂಟೆಯೊಳಗೆ ಉಗ್ರರ ಎಲ್ಲ ಶಸ್ತ್ರಗಳೂ ಒಪ್ಪಿಸಿಯಾಗಬೇಕು. ಅಂದರೆ ಐದೇ ದಿನ. ತಮಿಳರಿಗೆ ಪ್ರತ್ಯೇಕ ದೇಶ ಬೇಕೆಂದು ಹೋರಾಡುತ್ತಿದ್ದ, ಶಸ್ತ್ರ ಒಪ್ಪಿಸಬೇಕಾದ ಎಲ್‌ಟಿಟಿಇ ಆ ಕಾಗದಕ್ಕೆ ಸಹಿ ಹಾಕಿರಲೇ ಇಲ್ಲ. ಯಾವ ಸಂಸದೀಯ ಸಮಿತಿಯ ಮುಂದೆ ಇಟ್ಟಿದ್ದರೂ ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ಕೇಳುತ್ತಿದ್ದ ಪ್ರಶ್ನೆ: ಆರನೇ ದಿನ ಅವರು ಬಂದೂಕು ಕೊಡದೆ ಹೋದರೆ ನಮ್ಮ ಸೈನಿಕರು ಏನು ಮಾಡಬೇಕು? ಅದನ್ನು ಕೇಳುವ ಜಾಗವೇ ಇರಲಿಲ್ಲ. ಉತ್ತರ ಬರೆದಿಟ್ಟಿರಲಿಲ್ಲವಾದ್ದರಿಂದ ಉತ್ತರವನ್ನು ಸೈನಿಕರೇ ಕೊಡಬೇಕಾಯಿತು.

ಅಕ್ಟೋಬರ್ 5ರಂದು ಬಂಧನದಲ್ಲಿದ್ದ ಎಲ್‌ಟಿಟಿಇಯ 12 ಜನ ಪಲಾಲಿಯಲ್ಲಿ ಸಯನೈಡ್ ನುಂಗಿ ಸತ್ತರು. ವಾರದೊಳಗೆ ‘ಶಾಂತಿಪಾಲನಾ ಪಡೆ’ ಎಂದು ಕರೆಸಿಕೊಂಡಿದ್ದ ನಮ್ಮ ಸೈನ್ಯ ಆಪರೇಷನ್ ಪವನ್ ಎಂಬ ಹೆಸರಿನಲ್ಲಿ ಯುದ್ಧಕ್ಕಿಳಿಯಿತು. ಅಕ್ಟೋಬರ್ 11-12ರ ರಾತ್ರಿ ಎಂಐ-8 ಹೆಲಿಕಾಪ್ಟರ್‌ಗಳು ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಕಮಾಂಡೊಗಳನ್ನೂ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರನ್ನೂ ಇಳಿಸಿದವು. ಹಿಂದಿನಿಂದ ಇನ್ನಷ್ಟು ಜನ ಬರಬೇಕಿತ್ತು. ಕೆಳಗಿನಿಂದ ಗುಂಡಿನ ಮಳೆ ಸುರಿದು ಹೆಲಿಕಾಪ್ಟರ್‌ಗಳಿಗೆ ಪೆಟ್ಟು ಬಿದ್ದದ್ದರಿಂದ ಮುಂದಿನ ಹಾರಾಟಗಳು ನಿಂತುಹೋದವು. ಇಳಿದ ಆ 30 ಜನ ಸುತ್ತುವರಿದ ಬಂದೂಕುಗಳ ನಡುವೆ ಮದ್ದುಗುಂಡು ಮುಗಿಯುವ ತನಕ ಹೋರಾಡಿದರು. 29 ಜನ ಸತ್ತರು, ಒಬ್ಬ ಸೆರೆಯಾದ. ನಮ್ಮ ರೇಡಿಯೋ ಮಾತುಗಳನ್ನು ಎದುರಾಳಿ ಕದ್ದು ಕೇಳಿಸಿಕೊಂಡಿದ್ದ ಎಂದೂ, ನಕ್ಷೆ ಮತ್ತು ಗುಪ್ತಚರ ಮಾಹಿತಿ ಸಾಲದೆ ಹೋಗಿತ್ತೆಂದೂ ಅಂದಿನ ಸೇನಾನಾಯಕರೇ ಮುಂದೆ ಬರೆದಿದ್ದಾರೆ. ಅದೇ ತಿಂಗಳ 21ರಂದು, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ತಮಿಳರು ನಮ್ಮ ಸೈನಿಕರ ಗುಂಡಿಗೆ ಸತ್ತರೆಂದು ಬದುಕುಳಿದವರು ಹೇಳಿದರು. ಗುಂಡಿನ ಚಕಮಕಿಯ ನಡುವೆ ಸಿಕ್ಕಿ ಸತ್ತರು ಎಂದಿತು ನಮ್ಮ ಕಡೆ. ಸತ್ಯ ಯಾವುದೆಂದು ತಿಳಿಯುವ ಹಕ್ಕು ಆ ಮನೆಗಳವರಿಗೂ ಇತ್ತು, ತಮ್ಮ ಹೆಸರಿನಲ್ಲಿ ಸೈನ್ಯ ಕಳಿಸಲ್ಪಟ್ಟ ನಮಗೂ ಇತ್ತು.

ಒಂದು ಡಿವಿಷನ್‌ನಿಂದ ಶುರುವಾದದ್ದು ನಾಲ್ಕು ಡಿವಿಷನ್ ಆಯಿತು. ಪ್ರತಿ ಸಲ ಸೈನ್ಯ ಹೆಚ್ಚಿದ್ದು ಸರ್ಕಾರದ ಒಳಗಿನ ಆದೇಶದ ಮೇಲೆ. 1989ರ ಜೂನ್‌ನಲ್ಲಿ ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸ ಅವರೇ ‘ಜುಲೈ ಕೊನೆಯೊಳಗೆ ಹೊರಡಿ’ ಎಂದ ಮೇಲೂ ಸೈನ್ಯ ಅಲ್ಲೇ ಇತ್ತು. ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್ 24ರಂದು, ಹೋಗಿ 32 ತಿಂಗಳಾದ ಮೇಲೆ. ಮರಳಿದವರನ್ನು ಮದ್ರಾಸಿನಲ್ಲಿ ಸ್ವಾಗತಿಸಲು ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಸಿಂಹಳರಿಗೂ ತಮಿಳರಿಗೂ ಬೇಡವಾದ ಯುದ್ಧ ಅದು. ಹೋದ ಸೈನಿಕನ ತಪ್ಪೇನು? ದೇಶ ಒಟ್ಟಾಗಿ ಒಪ್ಪಿ ಕಳಿಸಿರಲಿಲ್ಲ, ಆದ್ದರಿಂದ ಒಟ್ಟಾಗಿ ಬರಮಾಡಿಕೊಳ್ಳಲೂ ಇಲ್ಲ.

ನಮ್ಮ ಸೈನಿಕರಲ್ಲಿ ಸತ್ತವರೆಷ್ಟು? ಒಂದು ಕಡೆ 1,155 ಎಂದಿದೆ, ಇನ್ನೊಂದು ಕಡೆ 1,165, ಮಾತಿಗೆ ‘ಸುಮಾರು 1,200’ ಎನ್ನುತ್ತಾರೆ. ಕಾರ್ಗಿಲ್ ಯುದ್ಧ ಮುಗಿದ ಕೂಡಲೇ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ಕೂತಿತು, 2000ದ ಫೆಬ್ರವರಿಯಲ್ಲಿ ಅದರ ವರದಿ ಸಂಸತ್ತಿನ ಮೇಜಿಗೆ ಬಂತು. ಶ್ರೀಲಂಕಾ ಕಾರ್ಯಾಚರಣೆಗೆ ಅಂಥದ್ದೊಂದು ವರದಿ ಬರಲಿಲ್ಲ.

ಇದು ತಮಿಳುನಾಡಿನವರ ವಿಷಯ ಎಂದು ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ ಎರಡು ಮಾತು ನೆನಪಿಸುತ್ತೇವೆ. ಜಾಫ್ನಾದ ತಮಿಳರಿಗೆಂದು ಭಾರತ ಕಳಿಸಿದ, ಆಹಾರ ಹೊತ್ತ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ಹಿಂದಕ್ಕೆ ಕಳಿಸಿದ ಮರುದಿನ, 1987ರ ಜೂನ್ 4ರಂದು, ಜಾಫ್ನಾ ಮೇಲೆ ಮೂಟೆಗಳನ್ನು ಉದುರಿಸಿದ ಐದು ಎಎನ್-32 ವಿಮಾನಗಳು ಹಾರಿದ್ದು ಬೆಂಗಳೂರಿನಿಂದ. ನಾಲ್ಕು ವರ್ಷದ ನಂತರ, ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ, ಆ ಸಂಚಿನ ಎಲ್‌ಟಿಟಿಇ ನಾಯಕ ಶಿವರಾಸನ್ ಮತ್ತು ಜೊತೆಗಾರರು ಸತ್ತು ಬಿದ್ದದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ.

ಈಗ ಇನ್ನೊಂದು ಘಟನೆ. 2003ರಲ್ಲಿ ಅಮೆರಿಕ ಇರಾಕ್ ಮೇಲೆ ದಾಳಿ ಮಾಡಿತು. ಏಪ್ರಿಲ್‌ನಲ್ಲಿ ನಮ್ಮ ಲೋಕಸಭೆ ಆ ಯುದ್ಧದ ವಿರುದ್ಧ ಸರ್ವಾನುಮತದ ನಿರ್ಣಯ ಮಾಡಿತು. ಎಂಥ ಪದ ಬಳಸಬೇಕೆಂದು ಪಕ್ಷಗಳ ನಡುವೆ ದಿನಗಟ್ಟಲೆ ಎಳೆದಾಟವಾಗಿ ಹಿಂದಿಯ ‘ನಿಂದಾ’ ಎಂಬ ಪದಕ್ಕೆ ಎಲ್ಲರೂ ಒಪ್ಪಿದರು. ಆಮೇಲೆ ಅಮೆರಿಕ ಭಾರತದ ಒಂದು ಡಿವಿಷನ್ ಸೈನ್ಯ ಕೇಳಿತು, ಸುಮಾರು 17,000 ಜನ, ಉತ್ತರ ಇರಾಕಿಗೆ. ಕಳಿಸೋಣ ಎನ್ನುವವರು ಸರ್ಕಾರದೊಳಗೇ ಇದ್ದರು. ವಾಜಪೇಯಿ ಅವರ ಸಂಪುಟದ ಭದ್ರತಾ ಸಮಿತಿ ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು ನಿರ್ಧರಿಸಿತು. ಸದನದ ನಿರ್ಣಯವೊಂದೇ ಅದಕ್ಕೆ ಕಾರಣ ಎಂದು ನಾವು ಹೇಳುತ್ತಿಲ್ಲ. ಆದರೆ ಸಮಿತಿ ಕೂತಾಗ ಮೇಜಿನ ಮೇಲೆ ಸದನದ ಮಾತು ಲಿಖಿತವಾಗಿ ಇತ್ತು. 1987ರಲ್ಲಿ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಇರಾಕ್ ಏನಾಯಿತೆಂದು ನೋಡಿದ್ದೀರಿ. ಆ ಬೆಂಕಿಯ ನಡುವೆ ನಮ್ಮ 17,000 ಹುಡುಗರು ನಿಂತಿರಬೇಕಿತ್ತು.

ಸಂವಿಧಾನ ಇದಕ್ಕೆ ಅಡ್ಡ ಬರುತ್ತದೆ ಎನ್ನುವವರಿಗೆ 53(2)ನೇ ವಿಧಿಯನ್ನು ತೋರಿಸಿ. ರಕ್ಷಣಾ ಪಡೆಗಳ ಸರ್ವೋಚ್ಚ ಆಧಿಪತ್ಯ ರಾಷ್ಟ್ರಪತಿಗಳದು, ಆದರೆ ಅದನ್ನು ಚಲಾಯಿಸುವ ರೀತಿ ‘ಕಾನೂನಿನಿಂದ ನಿಯಂತ್ರಿತವಾಗಬೇಕು’ ಎಂದು ಅಲ್ಲೇ ಇದೆ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 15ನೇ ಬಾಬು ‘ಯುದ್ಧ ಮತ್ತು ಶಾಂತಿ’. ಅಂದರೆ ಕಾನೂನು ಮಾಡುವ ಅಧಿಕಾರ ನಿಮ್ಮದೇ. ಕಾನೂನು ಇಲ್ಲದ ಜಾಗದಲ್ಲಿ ಕಾರ್ಯಾಂಗ ತಾನೇ ನಡೆಯಬಹುದು ಎಂದು ಸುಪ್ರೀಂ ಕೋರ್ಟ್ 1955ರ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲಿ ಹೇಳಿದೆ. ಸೈನ್ಯವನ್ನು ಹೊರದೇಶಕ್ಕೆ ಕಳಿಸುವ ವಿಷಯದಲ್ಲಿ ಆ ಜಾಗವನ್ನು ಖಾಲಿ ಬಿಟ್ಟವರು ನೀವು, ನಿಮ್ಮ ಹಿಂದಿನವರು.

ಆ ಖಾಲಿ ತುಂಬುವ ಮಸೂದೆಯೊಂದನ್ನು ನೀವು ಮಂಡಿಸಬೇಕು. ಖಾಲಿ ತುಂಬಲು ಹೋದ ಬೇರೆ ದೇಶಗಳು ಎಲ್ಲಿ ಎಡವಿದವು ಎಂಬುದನ್ನು ಮಸೂದೆ ಬರೆಯುವವರು ಮೊದಲು ನೋಡಬೇಕು. ಅಮೆರಿಕದ 1973ರ ಕಾಯ್ದೆಯಲ್ಲಿ, ಸಂಸತ್ತಿನ ಒಪ್ಪಿಗೆಯಿಲ್ಲದೆ ಸೈನ್ಯ ಕದನದಲ್ಲಿರಲು 60 ದಿನದ ಗಡುವಿದೆ. 2011ರಲ್ಲಿ ಲಿಬಿಯಾ ಮೇಲೆ ಬಾಂಬು ಹಾಕುತ್ತಲೇ ಒಬಾಮ ಸರ್ಕಾರ, ಇದು ಕಾಯ್ದೆ ಹೇಳುವ ‘ಕದನ’ವೇ ಅಲ್ಲ ಎಂದು ವಾದಿಸಿ ಗಡುವನ್ನು ದಾಟಿಕೊಂಡಿತು. ಕಾಯ್ದೆ ಸೋತದ್ದು ಒಂದು ಪದದ ವ್ಯಾಖ್ಯಾನ ಬರೆಯದೆ ಬಿಟ್ಟದ್ದರಿಂದ. ಬ್ರಿಟನ್ನಿನಲ್ಲಿ 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಯ ಪ್ರಸ್ತಾಪ 285-272ರಲ್ಲಿ ಬಿದ್ದುಹೋಯಿತು, ಪ್ರಧಾನಿ ಕ್ಯಾಮರಾನ್ ತಲೆಬಾಗಿದರು. ಆದರೆ ಅಲ್ಲಿರುವುದು ಬರೀ ಸಂಪ್ರದಾಯ. 2018ರಲ್ಲಿ ಥೆರೇಸಾ ಮೇ ಮತ ಕೇಳದೆಯೇ ಅದೇ ಸಿರಿಯಾ ಮೇಲೆ ದಾಳಿ ಮಾಡಿಸಿದರು. ನಮಗೆ ಹತ್ತಿರದ ಮಾದರಿ ಜರ್ಮನಿಯದು. ಅಲ್ಲಿನ ಸಂವಿಧಾನ ನ್ಯಾಯಾಲಯ 1994ರಲ್ಲಿ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಎಂದಿತು, 2005ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ತುರ್ತಿದ್ದರೆ ಮೊದಲು ಹೋಗಿ ಆಮೇಲೆ ಒಪ್ಪಿಗೆ ಪಡೆಯಬಹುದು, ಸಣ್ಣ ನಿಯೋಜನೆಗೆ ಸರಳ ವಿಧಾನವಿದೆ, ಕೊಟ್ಟ ಒಪ್ಪಿಗೆಯನ್ನು ಸಂಸತ್ತು ಹಿಂದಕ್ಕೂ ಪಡೆಯಬಹುದು.

ನಮ್ಮ ಮಸೂದೆಯಲ್ಲಿ ‘ಯುದ್ಧ’ ಎಂಬ ಪದವನ್ನು ಆಧಾರವಾಗಿ ಇಟ್ಟುಕೊಳ್ಳಲೇಬೇಡಿ. ಶ್ರೀಲಂಕಾಕ್ಕೆ ಹೋದದ್ದು ‘ಶಾಂತಿಪಾಲನಾ’ ಪಡೆ, ಅದೂ ಆ ದೇಶದ ಆಹ್ವಾನದ ಮೇಲೆ. ‘ಯುದ್ಧಕ್ಕೆ ಮತ ಬೇಕು’ ಎಂದಷ್ಟೇ ಬರೆದರೆ 1987 ಮತ್ತೆ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ಹೀಗೆ ಬರೆಯಿರಿ: ಇನ್ನೊಂದು ದೇಶದ ನೆಲ, ಜಲ, ಆಕಾಶದಲ್ಲಿ ಶಸ್ತ್ರ ಬಳಸಬೇಕಾದೀತು ಎಂಬ ನಿರೀಕ್ಷೆಯಿರುವ ಯಾವುದೇ ಸಶಸ್ತ್ರ ನಿಯೋಜನೆ, ಆ ದೇಶ ಕರೆದಿದ್ದರೂ ಸರಿ, ಕರೆಯದಿದ್ದರೂ ಸರಿ. ನಮ್ಮ ಗಡಿಯ ಮೇಲೆ ಆಗುವ ದಾಳಿಗೆ ಕೂಡಲೇ ಕೊಡುವ ಉತ್ತರ, ಸಿಕ್ಕಿಬಿದ್ದ ನಾಗರಿಕರನ್ನು ಕರೆತರುವುದು, ಜಂಟಿ ತಾಲೀಮು, ನೆರೆ-ಭೂಕಂಪದ ನೆರವು ಇದರ ಹೊರಗಿರಲಿ. ವಿಶ್ವಸಂಸ್ಥೆಯ ನೀಲಿ ಶಿರಸ್ತ್ರಾಣದಡಿ ಹೋಗುವವರಿಗೆ ಸರಳ ವಿಧಾನ ಸಾಕು.

ಒಪ್ಪಿಗೆ ಕೇಳುವ ನಿರ್ಣಯದಲ್ಲಿ ಗುರಿ ಏನು, ಎಷ್ಟು ಜನ, ಯಾವ ಪ್ರದೇಶ, ಎಷ್ಟು ದಿನ, ಎಷ್ಟು ಹಣ ಎಂಬುದರ ಜೊತೆಗೆ, ಗುರಿ ಈಡೇರದಿದ್ದರೆ ಹಿಂದಿರುಗುವುದು ಹೇಗೆ ಎಂಬುದೂ ಇರಬೇಕು. ನಮ್ಮ ಸಲಹೆ 90 ದಿನದ ಮಿತಿ. ಮುಂದುವರಿಸಲು ಹೊಸ ಮತ, ಆಗ ಸತ್ತವರ, ಗಾಯಗೊಂಡವರ, ಖರ್ಚಿನ ಲೆಕ್ಕ ಸದನದ ಮುಂದೆ. ಒಪ್ಪಿದ ಸಂಖ್ಯೆಗಿಂತ ಕಾಲು ಭಾಗ ಹೆಚ್ಚು ಜನರನ್ನು ಕಳಿಸುವುದಾದರೆ ಅದಕ್ಕೂ ಹೊಸ ಮತ ಬೇಕು. ಒಂದು ಡಿವಿಷನ್ ನಾಲ್ಕಾದದ್ದು ಈ ಕಲಮು ಇಲ್ಲದ್ದರಿಂದ. ತುರ್ತಿನ ದಾರಿಯೂ ಇರಲೇಬೇಕು: 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ದಂಗೆಯಾದಾಗ ನಮ್ಮ ಪ್ಯಾರಾಟ್ರೂಪರ್‌ಗಳು ಅದೇ ರಾತ್ರಿ ಆಗ್ರಾದಿಂದ ಹಾರಿ ಸರ್ಕಾರವನ್ನು ಉಳಿಸಿದರು. ಅಂಥ ಹೊತ್ತಲ್ಲಿ ಮತಕ್ಕೆ ಕಾಯಲಾಗದು. ಹೋಗಲಿ, ಆದರೆ ಏಳು ದಿನದೊಳಗೆ ಅಧಿವೇಶನ ಕರೆದು 21 ದಿನದೊಳಗೆ ಮತ ಪಡೆಯಲಿ.

ಕರಡು ಬರೆಯುವಾಗ ಒಂದು ಹಳ್ಳವಿದೆ. ಮೇಲ್ವಿಚಾರಣೆಗೆ ಹೊಸ ಆಯೋಗ, ಹೊಸ ಕಚೇರಿ ಎಂದೆಲ್ಲ ಸೇರಿಸಿದಿರೋ, ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ಖರ್ಚು ಬರುತ್ತದೆ. 117(3)ನೇ ವಿಧಿಯಂತೆ ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಮಸೂದೆ ಅಂಗೀಕಾರವಾಗುವಂತಿಲ್ಲ. ಆ ಶಿಫಾರಸು ಬರುವುದು ಸರ್ಕಾರದ ಸಲಹೆಯ ಮೇಲೆ. ಅಲ್ಲಿಗೆ ಮಸೂದೆ ಕೊಳೆಯುತ್ತದೆ. ಆದ್ದರಿಂದ ಖರ್ಚಿನ ಒಂದು ಸಾಲೂ ಇಲ್ಲದಂತೆ, ಈಗಾಗಲೇ ಇರುವ ರಕ್ಷಣಾ ಸ್ಥಾಯಿ ಸಮಿತಿಗೇ ಕೆಲಸ ಒಪ್ಪಿಸಿ ಬರೆಯಿರಿ.

ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸಂಸದರ, ಮಸೂದೆಗಳಿಗೆ ಸಿಗುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಸ್ವಾತಂತ್ರ್ಯ ಬಂದಾಗಿನಿಂದ ಕಾಯ್ದೆಯಾದದ್ದು 14, ಕೊನೆಯದು 1970ರಲ್ಲಿ. ಇದು ಗೊತ್ತಿದ್ದೇ ಮಂಡಿಸಿ ಎನ್ನುತ್ತಿದ್ದೇವೆ, ಏಕೆಂದರೆ ಮಂಡಿಸಿದ ಮಸೂದೆ ಸದನದ ದಾಖಲೆಯಲ್ಲಿ ಉಳಿಯುತ್ತದೆ, ಮುಂದೊಂದು ದಿನ ಸರ್ಕಾರಿ ಕರಡಿಗೆ ಬುನಾದಿಯಾಗುತ್ತದೆ.

ಮಸೂದೆಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ಪ್ರಶ್ನೆ. ಕನಿಷ್ಠ 15 ದಿನದ ನೋಟಿಸ್ ಬೇಕು, 150 ಪದ ಮೀರಬಾರದು. ‘1987ರಲ್ಲಿ ಏಕೆ ಹಾಗಾಯಿತು’ ಎಂದು ಕೇಳಿದರೆ ಹಳೆಯ ಇತಿಹಾಸ ಎಂಬ ಕಾರಣಕ್ಕೆ ಲೋಕಸಭೆಯ ನಿಯಮ 41ರಡಿ ತಳ್ಳಿಹಾಕುತ್ತಾರೆ. ಇಂದಿಗೆ ಕಟ್ಟಿ ಕೇಳಿ: ವಿದೇಶಕ್ಕೆ ಸಶಸ್ತ್ರ ಪಡೆ ಕಳಿಸಲು ಸಂಸತ್ತಿನ ಒಪ್ಪಿಗೆ ಕಡ್ಡಾಯ ಮಾಡುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? ಇಲ್ಲದಿದ್ದರೆ ಏಕಿಲ್ಲ? ಆಪರೇಷನ್ ಪವನ್‌ನಲ್ಲಿ ಮಡಿದವರೆಂದು ಸರ್ಕಾರದ ದಾಖಲೆಯಲ್ಲಿ ಇಂದು ಇರುವ ಸಂಖ್ಯೆ ಎಷ್ಟು, ಅದರಲ್ಲಿ ಕರ್ನಾಟಕದವರೆಷ್ಟು, ಅವರ ಕುಟುಂಬಗಳಿಗೆ ಈಗ ಸಿಗುತ್ತಿರುವ ಪಿಂಚಣಿ ಯಾವ ವರ್ಗದ್ದು? ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದರೆ ಕೈಬಿಡಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ, ಮೂರು ತಿಂಗಳೊಳಗೆ ಈಡೇರಬೇಕು, ತಪ್ಪಿದರೆ ಭರವಸೆಗಳ ಸಮಿತಿಗೆ ಬರೆಯಿರಿ. ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ, ಚೀಟಿ ಎತ್ತಿ ಆರಿಸುತ್ತಾರೆ. ನಿಮ್ಮಲ್ಲಿ ಹತ್ತು ಜನ ಒಂದೇ ದಿನಕ್ಕೆ ಇದೇ ಪ್ರಶ್ನೆ ಹಾಕಿದರೆ ಒಂದಾದರೂ ಮೇಲೆ ಬರುವ ಸಾಧ್ಯತೆ ಹೆಚ್ಚು.

ಚರ್ಚೆ ಕೇಳುವಾಗ ನಿಯಮದ ಸಂಖ್ಯೆಯ ಮೇಲೆ ಕಣ್ಣಿರಲಿ. ಲೋಕಸಭೆಯಲ್ಲಿ ನಿಯಮ 193ರ ಅಲ್ಪಾವಧಿ ಚರ್ಚೆಗೆ ಸರ್ಕಾರ ಬೇಗ ಒಪ್ಪುತ್ತದೆ, ಅದರ ಕೊನೆಗೆ ಮತವಿಲ್ಲವಲ್ಲ. ಮತ ಬೇಕಿದ್ದರೆ ನಿಯಮ 184. ಸಚಿವರು ನಿಯಮ 372ರಡಿ ಹೇಳಿಕೆ ಓದಿ ಕೂತರೆ ಆ ಹೊತ್ತಲ್ಲಿ ಪ್ರಶ್ನೆ ಕೇಳುವಂತೆಯೂ ಇಲ್ಲ. ರಾಜ್ಯಸಭೆಯಲ್ಲಿ ಸ್ಪಷ್ಟನೆ ಕೇಳುವ ರೂಢಿಯಿದೆ, ಆ ಹನ್ನೆರಡು ಜನ ಅದನ್ನು ಬಳಸಿಕೊಳ್ಳಿ. ಗುಟ್ಟಿನ ವಿಷಯ, ಬಹಿರಂಗವಾಗಿ ಮಾತಾಡಲಾಗದು ಎಂದರೆ ನಿಯಮ 248 ತೋರಿಸಿ, ರಹಸ್ಯ ಅಧಿವೇಶನಕ್ಕೆ ಅವಕಾಶ ಅಲ್ಲೇ ಇದೆ. 1962ರ ನವೆಂಬರ್‌ನಲ್ಲಿ ಚೀನಾ ಸೈನ್ಯ ಗಡಿಯೊಳಗಿರುವಾಗಲೇ ಲೋಕಸಭೆ ಒಂದು ವಾರ ಬಹಿರಂಗವಾಗಿ ಚರ್ಚಿಸಿತು, 165 ಸದಸ್ಯರು ಮಾತಾಡಿದರು.

ಹಣದ ಬಾಗಿಲು ಇನ್ನೊಂದು. ರಕ್ಷಣಾ ಸಚಿವಾಲಯದ ಅನುದಾನ ಬೇಡಿಕೆಗಳು, ಅಂದರೆ ಖರ್ಚಿಗೆ ಸದನದ ಒಪ್ಪಿಗೆ ಕೇಳುವ ಪಟ್ಟಿಗಳು, ನಾಲ್ಕು. 2024-25ರ ಬಜೆಟ್‌ನಲ್ಲಿ ಅವು 19ರಿಂದ 22ರವರೆಗಿನವು. ಸೈನ್ಯದ ದಿನನಿತ್ಯದ ಖರ್ಚು 20ರಲ್ಲಿ. ವಿದೇಶಿ ಕಾರ್ಯಾಚರಣೆಗೆ ಪ್ರತ್ಯೇಕ ಶೀರ್ಷಿಕೆ ಇಲ್ಲದಿದ್ದರೆ ಅದರ ಖರ್ಚು ಸಂಬಳ, ಸಾಗಣೆ, ದಾಸ್ತಾನುಗಳಲ್ಲಿ ಕರಗಿಹೋಗುತ್ತದೆ, ಯಾರೂ ಬೆರಳಿಟ್ಟು ತೋರಿಸಲಾಗದು. ಬೇಡಿಕೆಯಲ್ಲಿ 100 ರೂಪಾಯಿ ಕಡಿಮೆ ಮಾಡಿ ಎನ್ನುವ ಸಾಂಕೇತಿಕ ಕಡಿತ ಸೂಚನೆ ಕೊಟ್ಟು ಇದೊಂದೇ ಕೊರತೆಯನ್ನು ಎತ್ತಿ. ಗಿಲೋಟಿನ್ ಬಿದ್ದರೆ, ಅಂದರೆ ಚರ್ಚೆಯಾಗದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿದರೆ, ಕಡಿತ ಸೂಚನೆಯೂ ಅದರಡಿ ಹೋಗುತ್ತದೆ ಎಂಬುದು ನಿಜ. 2018ರಲ್ಲಿ ಒಂದೇ ಒಂದು ಸಚಿವಾಲಯದ ಬೇಡಿಕೆಯನ್ನೂ ಚರ್ಚಿಸದೆ ಲೋಕಸಭೆ ಎಲ್ಲವನ್ನೂ ಒಟ್ಟಿಗೆ ಪಾಸು ಮಾಡಿತು. ಹಾಗಾಗಿ ರಕ್ಷಣಾ ಬೇಡಿಕೆಯನ್ನು ಚರ್ಚೆಗೆ ಆರಿಸಬೇಕೆಂದು ಕಲಾಪ ಸಲಹಾ ಸಮಿತಿಯಲ್ಲಿರುವ ನಿಮ್ಮ ಪಕ್ಷದವರಿಗೆ ಬಜೆಟ್‌ಗೂ ಮುಂಚೆಯೇ ಬರೆದುಕೊಡಿ.

ಮತ ಎಂದಾಗ ನಮ್ಮ ಅರ್ಥ ಧ್ವನಿಮತವಲ್ಲ. ‘ಹೌದು’ ಎಂಬ ಗದ್ದಲದಲ್ಲಿ ಯಾರು ಏನೆಂದರೆಂದು ನಮಗೆ ತಿಳಿಯುವುದಿಲ್ಲ. ಸ್ಪೀಕರ್ ಫಲಿತಾಂಶ ಹೇಳಿದೊಡನೆ ಒಪ್ಪುವುದಿಲ್ಲ ಎನ್ನಿ, ವಿಭಜನೆ ಕೇಳಿ. ಲಾಬಿ ತೆರವಾಗುತ್ತದೆ, ಗಂಟೆ ಬಾರಿಸುತ್ತದೆ, ಮೂರೂವರೆ ನಿಮಿಷ ಕಳೆದ ಮೇಲೆ ಪ್ರಶ್ನೆಯನ್ನು ಎರಡನೇ ಸಲ ಇಡುತ್ತಾರೆ. ಆಗಲೂ ಒಪ್ಪಬೇಡಿ. ಆಮೇಲೆ ಬರುವ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ನಿಮ್ಮ ಮತ ಅಚ್ಚಾಗುತ್ತದೆ. ಸೈನಿಕನ ತಾಯಿಗೆ ಓದಲು ಅಷ್ಟಾದರೂ ಇರಬೇಕು.

ಕೊನೆಯ ತೊಡಕು ವಿಪ್, ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ. ಸಂವಿಧಾನದ ಹತ್ತನೇ ಅನುಸೂಚಿ 1985ರಲ್ಲಿ ಬಂದದ್ದು ಪಕ್ಷಾಂತರ ತಡೆಯಲು. ಆದರೆ ವಿಪ್ ಮೀರಿ ಮತ ಹಾಕಿದರೆ, ಗೈರಾದರೂ ಸಹ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಸದಸ್ಯತ್ವ ಹೋಗುತ್ತದೆ. ಬ್ರಿಟನ್ನಿನ 2013ರ ಆ ಸಿರಿಯಾ ಮತದಲ್ಲಿ ಕ್ಯಾಮರಾನ್ ಅವರ ಸ್ವಂತ ಪಕ್ಷದ 30 ಜನ ಅವರ ವಿರುದ್ಧ ಕೈ ಎತ್ತಿದ್ದರು. ಇಲ್ಲಿ ಹಾಗೆ ಮಾಡಿದರೆ ಆ 30 ಕ್ಷೇತ್ರಗಳಲ್ಲಿ ಉಪಚುನಾವಣೆ. ಈ ಭಯ ಇರುವ ತನಕ ಯುದ್ಧದ ಮತವೂ ಹೈಕಮಾಂಡಿನ ಮತವೇ. ಅನುಸೂಚಿ ತಿದ್ದಲು ಸಂವಿಧಾನ ತಿದ್ದುಪಡಿ ಬೇಕು, ಅದು ದೂರದ ದಾರಿ. ವಿಪ್ ಹೊರಡಿಸಲೇಬೇಕೆಂದು ಮಾತ್ರ ಯಾವ ಕಾನೂನೂ ಹೇಳುವುದಿಲ್ಲ. ವಿದೇಶಕ್ಕೆ ಸೈನ್ಯ ಕಳಿಸುವ ನಿರ್ಣಯದ ಮೇಲೆ ವಿಪ್ ಹೊರಡಿಸುವುದಿಲ್ಲ ಎಂದು ಪ್ರತಿ ಪಕ್ಷವೂ ಇವತ್ತೇ, ಶಾಂತಿಯ ಕಾಲದಲ್ಲೇ, ಲಿಖಿತವಾಗಿ ಘೋಷಿಸಬಹುದು. ವಿಮಾನಗಳು ಹೊರಟು ನಿಂತ ದಿನ ಯಾರೂ ಘೋಷಿಸುವುದಿಲ್ಲ.

ಆದ್ದರಿಂದ ನಲವತ್ತು ಜನರಿಗೂ ನಮ್ಮ ಕೋರಿಕೆ: ಮುಂದಿನ ಅಧಿವೇಶನ ಶುರುವಾಗುವ ಮೊದಲು ನಿಮ್ಮ ಪಕ್ಷದ ಮುಖ್ಯ ಸಚೇತಕರಿಗೆ ಈ ಒಂದು ವಿಷಯದ ಮೇಲೆ ಪತ್ರ ಬರೆಯಿರಿ, ಅದರ ಪ್ರತಿಯನ್ನೂ ಬಂದ ಉತ್ತರವನ್ನೂ ನಿಮ್ಮ ಕ್ಷೇತ್ರದ ಕಚೇರಿಯ ಫಲಕದ ಮೇಲೆ ಕನ್ನಡದಲ್ಲಿ ಹಚ್ಚಿ. ಉತ್ತರ ಬಾರದಿದ್ದರೆ, ಬರಲಿಲ್ಲ ಎಂದು ಬರೆದು ತಾರೀಖು ಹಾಕಿ ಹಚ್ಚಿ. ನಾವು ಬಂದು ಓದುತ್ತೇವೆ.

ಇತಿ,
ನಿಮ್ಮ ಮತದಾರರು